ಮೇಲಿನ ಮನೆಯಲ್ಲಿ ಒಂದೇ ಕುರ್ಚಿ

ಜನವರಿ 6, ಸೋಮವಾರ

ಮಸಾಲೆ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಪ್ರತಿ ವರ್ಷ ಯಾರಿಗಾದರೂ ದಾಟಿಸಿಬಿಡುತ್ತಿದ್ದೆ. ಈ ಸಲ ಇಟ್ಟುಕೊಂಡಿದ್ದೇನೆ, ಮಾಡಲಿಕ್ಕೆ ಬೇರೆ ಕೆಲಸವಿಲ್ಲ. ಮನೆಯಲ್ಲಿ ತುಳು, ಗಿರಾಕಿಗಳ ಜೊತೆ ಮರಾಠಿ. ಬರೆಯಲಿಕ್ಕೆ ಮಾತ್ರ ಕನ್ನಡವೇ ಆಗಬೇಕು, ಕಾರ್ಕಳದ ಶಾಲೆಯಲ್ಲಿ ಕಲಿತದ್ದು ಅದೊಂದೇ.

ಹತ್ತು ದಿನದ ಹಿಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಜಾಗದಲ್ಲಿ ಕಾಲು ಜಾರಿತು. ನೆಲ ಒದ್ದೆ ಇರಬಾರದು ಎಂದು ಮೂವತ್ತೆಂಟು ವರ್ಷ ಎಲ್ಲರಿಗೂ ಬೈದವನು ನಾನು, ಬಿದ್ದವನೂ ನಾನೇ. ಎಡಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಪ್ಲಾಸ್ಟರ್ ಹಾಕಿ, ಏಳು ವಾರ ಕಾಲು ನೆಲಕ್ಕೆ ಊರಬೇಡಿ ಎಂದಿದ್ದಾರೆ ಡಾಕ್ಟರು. ಪುಣೆಯ ನಿಗಡಿಯಲ್ಲಿರುವ ಈ ಹಳೆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ನಮ್ಮದು ಎರಡನೇ ಮಹಡಿ. ಅಂದರೆ ಏಳು ವಾರದ ಜೈಲು. ಅಲ್ಲಿ ಕ್ಯಾಂಪ್ ಪೇಟೆಯ ಹೋಟೆಲಿನಲ್ಲಿ, ನನ್ನ ಗಲ್ಲಾದಲ್ಲಿ ಸುಖೇಶ ಕೂತಿದ್ದಾನೆ. ಮಗನೇ ಹೌದು, ಆದರೆ ಗಲ್ಲಾದಲ್ಲಿ ಕೂತು ಮೊಬೈಲ್ ನೋಡುವ ಮಗ. ನಾನು ಎದ್ದು ಹೋಗುವ ಹೊತ್ತಿಗೆ ಆ ಜಾಗ ನನಗೆ ಉಳಿದಿರುತ್ತದೋ ಇಲ್ಲವೋ ದೇವರೇ ಬಲ್ಲ.

ಜನವರಿ 8, ಬುಧವಾರ

ಕೋಣೆಯಲ್ಲಿ ಮಲಗಿದರೆ ಫ್ಯಾನ್ ಬಿಟ್ಟು ಏನೂ ಕಾಣುವುದಿಲ್ಲ. ಹೊರಗೆ ಬಾಗಿಲು ತೆಗೆದ ಸದ್ದಾಗುತ್ತದೆ, ಯಾರೋ ಮಾತಾಡುತ್ತಾರೆ, ಹೋಗುತ್ತಾರೆ. ಕೂಗಿದರೆ ಪಂಕಜಾಕ್ಷಿ ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾಳೆ.

"ಯಾರದು?"

"ಪೇಪರಿನವ."

"ಎಂತ ಹೇಳಿದ?"

"ಪೇಪರ್ ಅಂತ ಹೇಳಿದ."

ಹೆಂಡತಿಯ ಹತ್ತಿರ ಇದಕ್ಕಿಂತ ಹೆಚ್ಚಿನ ವಿವರ ಸಿಗುವುದಿಲ್ಲ. ಕಣ್ಣಿಗೆ ಕಾಣದಿದ್ದರೆ ನನಗೆ ಉಸಿರು ಕಟ್ಟುತ್ತದೆ. ನಾಳೆ ಚಾವಡಿಗೆ ಹೋಗಿ ಕೂರುತ್ತೇನೆ. ಹೊರಗಿನ ಕೋಣೆಯನ್ನು ನಾವು ಊರಿನ ಹಾಗೆ ಚಾವಡಿ ಎಂದೇ ಕರೆಯುವುದು, ಇರುವುದು ಹದಿನಾಲ್ಕಡಿ ಹತ್ತಡಿಯಾದರೂ.

ಜನವರಿ 9, ಗುರುವಾರ

ಇಂದು ಒಂದು ಒಳ್ಳೆಯ ಕೆಲಸವಾಯಿತು. ಹೋಟೆಲಿನ ಟೆಂಪೋ ಓಡಿಸುವ ಬಾಬುವನ್ನು ಕರೆಸಿದೆ. ನನ್ನಷ್ಟೇ ವಯಸ್ಸು, ಆದರೆ ತೋಳಿನಲ್ಲಿ ಬಲವಿದೆ. ಮನೆಗೆಲಸದ ಚನ್ನಬಸವ್ವನೂ ಕೈ ಹಾಕಿದಳು. ಅವಳು ಸಿಂದಗಿ ಕಡೆಯವಳು, ಒಂದು ಹೇಳಿದರೆ ಎರಡು ಮಾತಾಡುತ್ತಾಳೆ, ಕೆಲಸ ಮಾತ್ರ ಅಚ್ಚುಕಟ್ಟು.

ಮೇಜು ಕುರ್ಚಿ ಜೋಡಿಸುವುದು ಅಡುಗೆಯಷ್ಟೇ ದೊಡ್ಡ ವಿದ್ಯೆ. ಗಲ್ಲಾದಲ್ಲಿ ಕೂತವನಿಗೆ ಹೊರಬಾಗಿಲು, ಅಡುಗೆಮನೆ ಬಾಗಿಲು, ಕೈ ತೊಳೆಯುವ ಜಾಗ ಮೂರೂ ಕಾಣಬೇಕು. ಸಪ್ಲಾಯರ್ ಎರಡು ಕೈಯಲ್ಲಿ ತಟ್ಟೆ ಹಿಡಿದು ಬಂದರೆ ಸೊಂಟ ತಾಗಬಾರದು. ಕುರ್ಚಿ ಮೆತ್ತಗಿರಬಾರದು, ಮೆತ್ತಗಿದ್ದರೆ ಗಿರಾಕಿ ಕಾಫಿ ಮುಗಿದರೂ ಏಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಸತ್ತ ಮೂಲೆ ಇರಬಾರದು. ಗಲ್ಲಾದಿಂದ ಕಾಣದ ಜಾಗವೇ ಸತ್ತ ಮೂಲೆ. ಅಂಥಲ್ಲಿ ಕೆಲಸದವರು ಬೀಡಿ ಸೇದುತ್ತಾ ನಿಲ್ಲುತ್ತಾರೆ.

ಕಿಟಕಿಯ ಹತ್ತಿರ ಎದುರುಬದುರಾಗಿದ್ದ ಸೋಫಾಗಳನ್ನು ಗೋಡೆಗೆ ಸಾಲಾಗಿ ಹಚ್ಚಿಸಿದೆ. ಟೀಪಾಯಿ ಅಟ್ಟಕ್ಕೆ ಹೋಯಿತು. ಟಿವಿಯ ಪಕ್ಕದ ಮೂಲೆಯಲ್ಲಿ ನನಗೊಂದು ಕುರ್ಚಿ, ಮುಂದೆ ಸಣ್ಣ ಮೇಜು, ಕಾಲಿಡಲಿಕ್ಕೆ ಸ್ಟೂಲು. ಈಗ ಕುಳಿತಲ್ಲಿಂದ ಎಲ್ಲ ಬಾಗಿಲೂ ಕಾಣುತ್ತವೆ.

"ಅಣ್ಣಾ, ಇದು ಮನೆಯಾ ಹೋಟೆಲಾ?" ಎಂದು ಬಾಬು ನಕ್ಕ. ಪಂಕಜಾಕ್ಷಿ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಹೇಳಲಿಲ್ಲ. ಹಿಡಿಸಿರಬೇಕು.

ಜನವರಿ 13, ಸೋಮವಾರ

ಒಂದು ಸತ್ತ ಮೂಲೆ ಉಳಿದುಬಿಟ್ಟಿತ್ತು. ಮಲಗುವ ಕೋಣೆಯ ಬಾಗಿಲಿನಿಂದ ನೋಡಿದರೆ ಉಕ್ಕಿನ ಕಪಾಟು ಗೋಡೆಗೆ ತಾಗದೆ ಅಡ್ಡ ನಿಂತಿದೆ. ಅದರ ಹಿಂದೆ ಕಿಟಕಿಯವರೆಗೆ ಮೂರಡಿ ಜಾಗ ದಂಡ. ಮನೆ ಕೊಂಡು ಇಪ್ಪತ್ತೆರಡು ವರ್ಷವಾಯಿತು, ನಾನು ಬೆಳಿಗ್ಗೆ ಐದಕ್ಕೆ ಹೋದರೆ ರಾತ್ರಿ ಬರುವವನು, ಭಾನುವಾರವೂ ಬಿಟ್ಟಿಲ್ಲ. ಹಾಗಾಗಿ ಗಮನಿಸಿರಲಿಲ್ಲ.

"ಭಾಳ ವಜ್ಜಿ ಅದರೀ ಅಣ್ಣಾರ, ಇದ್ದಲ್ಲೇ ಇರ್ಲಿ ಬಿಡ್ರಿ" ಎಂದಳು ಚನ್ನಬಸವ್ವ. ಬಿಡಲಿಲ್ಲ. ಬಾಬು ಒಂದು ಕಡೆ ಅವಳು ಒಂದು ಕಡೆ ಹಿಡಿದು ಗೋಡೆಗೆ ನೂಕಿದರು. ಹಿಂದೆ ಒಂದು ಚಾಪೆ, ಒಂದು ದಿಂಬು, ಹೆಂಡತಿಯ ಹಳೆ ಕನ್ನಡಕದ ಡಬ್ಬಿ. ಪಂಕಜಾಕ್ಷಿ ಬಂದು ಮೂರನ್ನೂ ಎತ್ತಿಕೊಂಡು ಹೋದಳು.

ಈಗ ಕೋಣೆ ಬಯಲಿನ ಹಾಗೆ ಕಾಣುತ್ತದೆ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿಗೆ ನಮ್ಮ ಸಂಘದ ಇಬ್ಬರು ಎಳ್ಳಿನ ಉಂಡೆ ಹಿಡಿದು ಬಂದರು. ಗೋಡೆಯ ಸಾಲಿನಲ್ಲಿ ಕೂತು ಕತ್ತು ತಿರುಗಿಸಿ ನನ್ನ ಹತ್ತಿರ ಮಾತಾಡಿ ಹತ್ತೇ ನಿಮಿಷಕ್ಕೆ ಎದ್ದರು. ಹೋದ ಸಲ ಎರಡು ತಾಸು ಕೂತು ಮೂರು ಸಲ ಚಾ ಕುಡಿದಿದ್ದರು. ವಿದ್ಯೆ ಮನೆಯಲ್ಲೂ ನಡೆಯುತ್ತದೆ ಎಂದಾಯಿತು.

ಇನ್ನೊಂದು ನೋಡಿದೆ. ಪಂಕಜಾಕ್ಷಿ ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ಹೋಟೆಲಿನಲ್ಲಿ ಸಪ್ಲಾಯರಿಗೂ ಮೂರು ಗಂಟೆಯಿಂದ ನಾಲ್ಕರವರೆಗೆ ಬಿಡುವು. ಮಧ್ಯಾಹ್ನ ಕೇಳಿದೆ, "ಕೂತುಕೊಳ್ಳಬಾರದಾ?"

"ಎಲ್ಲಿ?" ಅಂದಳು.

ಮನೆಯಲ್ಲಿ ಒಂಬತ್ತು ಆಸನ ಇದೆ ಎಂದು ಬೆರಳಿಟ್ಟು ತೋರಿಸಿದೆ. ಹೂಂ ಎಂದು ಒಳಗೆ ಹೋಗಿ ಕೊತ್ತಂಬರಿ ಬಿಡಿಸಿದಳು. ನಿಂತುಕೊಂಡು.

ಜನವರಿ 19, ಭಾನುವಾರ

ನಾಲ್ಕು ದಿನದಿಂದ ಪಂಕಜಾಕ್ಷಿ ಮೂರು ಗಂಟೆಗೆ ಸರಿಯಾಗಿ ಹೊರಗೆ ಹೋಗುತ್ತಾಳೆ. "ನರ್ಮದಾ ಅವರ ಗಿಡಕ್ಕೆ ನೀರು ಹಾಕಿ ಬರ್ತೇನೆ" ಎನ್ನುತ್ತಾಳೆ. ನರ್ಮದಾ ನಮ್ಮ ತಲೆಯ ಮೇಲಿನ ಮನೆಯವರು, ಧಾರವಾಡದ ಟೀಚರು. ದೀಪಾವಳಿ ಆದ ಮೇಲೆ ಮಗಳ ಮನೆಗೆ ನಾಗಪುರಕ್ಕೆ ಹೋದರು, ಸಾಮಾನೂ ಸಾಗಿಸಿದರು. ಮನೆ ಮಾರುವವರೆಗೆ ಬೀಗದ ಕೈ ನಮ್ಮಲ್ಲಿದೆ. ಉಳಿದಿರುವುದು ತುಳಸಿ, ಒಂದು ಕರಿಬೇವು. ಎರಡು ಕುಂಡಕ್ಕೆ ನೀರು ಹಾಕಲಿಕ್ಕೆ ಎರಡೂವರೆ ತಾಸು ಬೇಕೇ? ಗದ್ದೆಗೆ ನೀರು ಬಿಡಲಿಕ್ಕೂ ಅಷ್ಟು ಹೊತ್ತು ಹಿಡಿಯುವುದಿಲ್ಲ.

ಅಷ್ಟು ಹೊತ್ತು ಎಲ್ಲ ಬಾಗಿಲು ಕಾಣುವ ಕುರ್ಚಿಯಲ್ಲಿ ನಾನೊಬ್ಬನೇ. ಯಾವ ಬಾಗಿಲಿನಿಂದಲೂ ಯಾರೂ ಬರುವುದಿಲ್ಲ.

ಜನವರಿ 21, ಮಂಗಳವಾರ

ಬಾಬುವಿನ ಕೈಯಲ್ಲಿ ಹೋಟೆಲಿನ ಹಳೆ ಗಂಟೆ ತರಿಸಿದೆ, ತಟ್ಟಿದರೆ ಟಣ್ ಎನ್ನುವುದು. ಗಂಟಲಿಗೆ ಶ್ರಮವಿಲ್ಲ. ಇವತ್ತು ನೀರಿಗೆ, ಪೇಪರಿಗೆ, ಫ್ಯಾನಿಗೆ, ಮತ್ತೊಮ್ಮೆ ಫ್ಯಾನಿಗೆ. ಮೂರು ಗಂಟೆಯ ಮೇಲೆ ಎಷ್ಟು ತಟ್ಟಿದರೂ ಬಂದವಳು ಚನ್ನಬಸವ್ವ.

"ಅಕ್ಕ ಮೇಲೆ ಎಂತ ಮಾಡ್ತಾಳೆ?" ಎಂದೆ.

"ಏನೂ ಮಾಡೂದಿಲ್ರೀ. ಟೀಚರ್ ಬಿಟ್ಟುಹೋದ ಒಂದು ಕುರ್ಚಿ ಅದ ಅಲ್ಲೆ, ಸುಮ್ನ ಕುಂತಿರ್ತಾರ."

"ಸುಮ್ಮನೆ ಅಂದರೆ?"

"ಸುಮ್ನ ಅಂದ್ರ ಸುಮ್ನರೀ. ಮೊದಲ ಇಲ್ಲೇ ಕಪಾಟಿನ ಹಿಂದ ಕುಂಡ್ರತಿದ್ರಲ್ರೀ, ಉಂಡ ಮ್ಯಾಲ ದಿನಾ ಒಂದು ತಾಸು. ನಾ ಬಂದಾಗಿಂದ ನೋಡೀನಿ. ನೀವು ಸರಿಸಿಬಿಟ್ರಿ. ಮತ್ತ ಎಲ್ಲಿ ಕುಂಡ್ರಬೇಕು ಅವರು?"

ಸ್ವಂತ ಮನೆಯಲ್ಲಿ ಕಪಾಟಿನ ಹಿಂದೆ ಅಡಗಿ ಕೂರುವುದು! ಇಪ್ಪತ್ತೆರಡು ವರ್ಷ! ಇವಳಿಗೆ ನಾನು ಎಂತ ಕಡಿಮೆ ಮಾಡಿದೆ? ಸಿಟ್ಟು ಬಂದು ಊಟ ಸೇರಲಿಲ್ಲ.

ಜನವರಿ 24, ಶುಕ್ರವಾರ

ಹೇಳಿಯೇಬಿಟ್ಟೆ. ಮೂರಕ್ಕೆ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದಳು. ಗಂಟೆ ತಟ್ಟಿದೆ.

"ಇನ್ನು ಮೇಲಿನ ಮನೆ ಬೀಗದ ಕೈ ನನ್ನ ಮೇಜಿನ ಮೇಲೆ ಇರ್ಲಿ. ಬೇಕಾದಾಗ ಕೇಳಿ ತಗೊ."

ತಿರುಗಿ ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದು ಕೇಳಿರಲಿಲ್ಲ.

"ಮೂವತ್ತೆಂಟು ವರ್ಷ ನಾನು ನಿಮ್ಮ ಹೋಟೆಲಿಗೆ ಬಂದು ಕೂತವಳಲ್ಲ. ಅದು ನಿಮ್ಮ ಜಾಗ ಅಂತ ಬಿಟ್ಟೆ. ಈಗ ಹೋಟೆಲನ್ನೇ ಇಲ್ಲಿಗೆ ತಂದಿರಿ. ನೀರು ಕುಡಿದರೂ ಕಾಣ್ತದೆ, ಕೂತರೂ ಕಾಣ್ತದೆ, ಸುಮ್ಮನೆ ಒಂದು ನಿಟ್ಟುಸಿರು ಬಿಟ್ಟರೂ ಎಂತ ಆಯ್ತು ಅಂತ ಕೇಳ್ತೀರಿ. ನನಗೆ ಇಲ್ಲಿ ಆಗುದಿಲ್ಲ."

"ಆಗುದಿಲ್ಲ ಅಂದರೆ?"

ಒಳಗೆ ಹೋಗಿ ದಿಂಬು, ಚಾಪೆ, ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಬಂದಳು. ನನ್ನ ಕಣ್ಣೆದುರೇ ಅಡುಗೆಮನೆ ಬಾಗಿಲು, ಕೋಣೆ ಬಾಗಿಲು, ಹೊರಬಾಗಿಲು ದಾಟಿ ಹೋದಳು. ಎಲ್ಲ ಚೆನ್ನಾಗಿ ಕಂಡಿತು. ಏಳಲಿಕ್ಕೆ ಮಾತ್ರ ಆಗಲಿಲ್ಲ.

ಜನವರಿ 25, ಶನಿವಾರ

ಬರಲಿಲ್ಲ.

ಜನವರಿ 26, ಭಾನುವಾರ

ಹಟ ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ನರ್ಮದಾ ಅವರಿಗೆ ಫೋನು ಮಾಡಿ ಮೇಲೆಯೇ ಇರಬಹುದಾ ಎಂದು ಕೇಳಿದಳಂತೆ, ಅವರು "ಇರ್ರಿ ಅಕ್ಕಾ, ಮನಿ ಬೆಚ್ಚಗಿರತದ" ಎಂದರಂತೆ. ಬಾಬುವಿನ ಕೈಯಲ್ಲಿ ಸಣ್ಣ ಗ್ಯಾಸ್ ಒಲೆ ತರಿಸಿಕೊಂಡಿದ್ದಾಳೆ. ನನ್ನ ಡ್ರೈವರ್, ನನಗೆ ಒಂದು ಮಾತಿಲ್ಲ!

ಊಟ ಡಬ್ಬಿಯಲ್ಲಿ ಬರುತ್ತದೆ. ಮೂರು ಹೊತ್ತೂ ಚನ್ನಬಸವ್ವ ತರುತ್ತಾಳೆ. ಮೂವತ್ತೆಂಟು ವರ್ಷ ಊರಿಗೆಲ್ಲ ಪಾರ್ಸೆಲ್ ಕಟ್ಟಿದವನಿಗೆ ಮನೆಯಿಂದಲೇ ಪಾರ್ಸೆಲ್. ಕೋಸಂಬರಿಗೆ ಉಪ್ಪು ಕಡಿಮೆ ಎಂದು ಹೇಳಿ ಕಳಿಸಬೇಕೆಂದಿದ್ದೆ. ಹೇಳಲಿಲ್ಲ. ಆಮೇಲೆ ಡಬ್ಬಿಯೂ ನಿಂತರೆ?

ಸುಖೇಶ ರಾತ್ರಿ ಮೇಲೆ ಹೋಗಿ ಅರ್ಧ ತಾಸು ಕೂತು ಬಂದ. "ಎಂತ ಹೇಳಿದಳು?" ಎಂದೆ. "ಎಂತ ಇಲ್ಲ ಅಪ್ಪ, ಊಟ ಮಾಡಿದ್ಯಾ ಕೇಳಿದ್ರು." ಎಲ್ಲಿ ಕೂತೆ ಎಂದರೆ ನೆಲದಲ್ಲಿ ಎಂದ.

ಜನವರಿ 29, ಬುಧವಾರ

ಖಾಲಿ ಮನೆ, ಸದ್ದು ನೇರ ಕೆಳಗಿಳಿಯುತ್ತದೆ. ಬೆಳಿಗ್ಗೆ ಹೆಜ್ಜೆ ಸದ್ದು ಅಡುಗೆಮನೆ ಕಡೆಗೆ. ಹನ್ನೊಂದಕ್ಕೆ ನೀರಿನ ಸದ್ದು. ಮೂರು ಗಂಟೆಗೆ ಕುರ್ಚಿ ಎಳೆಯುವ ಸದ್ದು, ಕಿಟಕಿಯ ಕಡೆಗೆ. ಐದಕ್ಕೆ ಮತ್ತೆ ಎಳೆಯುತ್ತಾಳೆ, ಬಿಸಿಲು ಮುಖಕ್ಕೆ ಬರುತ್ತದೆ ಅಂತ ಇರಬೇಕು. ಒಂದೊಂದು ದಿನ ಗೋಡೆಯ ಬದಿಗೆ, ಒಂದು ದಿನ ನಡುಮಧ್ಯಕ್ಕೇ ಇಟ್ಟುಕೊಂಡಳು. ಕೋಣೆಯ ನಡುವೆ ಯಾರಾದರೂ ಕುರ್ಚಿ ಹಾಕುತ್ತಾರೆಯೇ? ಓಡಾಡುವ ದಾರಿಯೇ ಕಟ್ಟಿಹೋಯಿತಲ್ಲ. ಆದರೆ ಓಡಾಡುವವಳು ಅವಳೊಬ್ಬಳೇ. ಇರಲಿ.

ಮದುವೆಯಾಗಿ ನಲವತ್ತೊಂದು ವರ್ಷ. ಮಧ್ಯಾಹ್ನ ಅವಳು ಏನು ಮಾಡುತ್ತಾಳೆ ಎಂದು ನನಗೆ ಗೊತ್ತಾದದ್ದು ಈ ವಾರ, ಅದೂ ಸೀಲಿಂಗಿನಿಂದ.

ಫೆಬ್ರವರಿ 2, ಭಾನುವಾರ

ಬಾಬುವನ್ನು ಕರೆಸಿ ಕಪಾಟನ್ನು ಮೊದಲಿದ್ದ ಹಾಗೆಯೇ ಅಡ್ಡ ನಿಲ್ಲಿಸಿದೆ. ಸೋಫಾಗಳನ್ನೂ ಕಿಟಕಿಯ ಹತ್ತಿರ ಎದುರುಬದುರು ಹಾಕಿಸಿದೆ. ನಾನೇ ವಾಕರ್ ಹಿಡಿದು ಒಂಟಿಕಾಲಲ್ಲಿ ಕುಪ್ಪಳಿಸಿ ಹೋಗಿ ಮೂರಡಿ ಸರಿಯಾಗಿದೆಯೇ ಎಂದು ನೋಡಿದೆ. ಅಲ್ಲಿ ನಿಂತರೆ ಕಿಟಕಿಯಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಒಂದು ಬೇವಿನ ಕೊಂಬೆ ಕಾಣುತ್ತದೆ. ಅಷ್ಟೇ. ಇಷ್ಟನ್ನು ನೋಡಲಿಕ್ಕೆ ದಿನಾ ಒಂದು ತಾಸು.

ಚನ್ನಬಸವ್ವನ ಹತ್ತಿರ ಹೇಳಿ ಕಳಿಸಿದೆ. ಉತ್ತರ ತಂದಳು.

"ಅಕ್ಕಾರ ಅಂದ್ರು, ಅದು ಯಾರಿಗೂ ಗೊತ್ತಿಲ್ಲದ ಜಾಗಾ ಇತ್ತು, ಈಗ ಎಲ್ಲಾರಿಗೂ ಗೊತ್ತಾತು. ಇನ್ನ ಅದು ಬರೇ ಕಪಾಟಿನ ಹಿಂದ, ಅಷ್ಟರೀ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಬಾಬು ಬೆನ್ನು ಹಿಡಿದುಕೊಂಡು ಹೋದ.

ಫೆಬ್ರವರಿ 6, ಗುರುವಾರ

ಟಿವಿ ಮೂಲೆಯಲ್ಲಿ ಸೆಕೆ. ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿಸಿಕೊಂಡೆ. ಇಲ್ಲಿಂದ ಅಡುಗೆಮನೆ ಕಾಣುವುದಿಲ್ಲ, ಹೊರಬಾಗಿಲು ಅರ್ಧ ಕಾಣುತ್ತದೆ. ತೊಂದರೆ ಇಲ್ಲ, ಗಾಳಿ ಚೆನ್ನಾಗಿದೆ.

ಐದು ಗಂಟೆಗೆ ಗೋಡೆಯ ಬದಿಗೆ ಹಾಕಿಸಿಕೊಂಡೆ. ಆಗ ಅಲ್ಲಿ ಗಾಳಿ.

"ಅಣ್ಣಾರ, ಮ್ಯಾಲಿನ ಕುರ್ಚಿ ಎಳದ್ರ ನೀವೂ ಎಳಸ್ತೀರಿ" ಎಂದು ಚನ್ನಬಸವ್ವ ನಕ್ಕಳು. ಕೆಲಸದವರಿಗೆ ಸಲುಗೆ ಕೊಟ್ಟರೆ ಹೀಗೇ.

ಫೆಬ್ರವರಿ 10, ಸೋಮವಾರ

ಸುಖೇಶ ತುಂಬಾ ಹೊತ್ತು ಕೈ ಹೊಸಕಿಕೊಂಡು ನಿಂತು ಹೇಳಿದ. ಗಲ್ಲಾವನ್ನು ಬಾಗಿಲ ಪಕ್ಕದಿಂದ ತೆಗೆದಿದ್ದಾನಂತೆ. ಈಗ ಮೇಜಿನಲ್ಲೇ ಮೊಬೈಲಿನಿಂದ ಬಿಲ್ಲು. ಆ ಜಾಗದಲ್ಲಿ ಇಬ್ಬರು ಕೂರುವ ಮೇಜು ಹಾಕಿದ್ದಾನೆ.

"ಅಪ್ಪ, ಸಿಟ್ಟು ಬಂತಾ?"

ಬರಬೇಕಿತ್ತು. ಅದೇ ಹೊತ್ತಿಗೆ ಮೇಲೆ ಅವಳು ಕೆಮ್ಮಿದಳು, ಒಂದು, ಎರಡು, ಮೂರು ಸಲ. "ಅಮ್ಮನಿಗೆ ಶೀತವಾ?" ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ.

ಮೆಣಸಿನ ಕಷಾಯ ಮಾಡಿಸಿ ಕಳಿಸಿದೆ. ಲೋಟ ಖಾಲಿಯಾಗಿ ಬಂತು. ನಿದ್ದೆ ಹತ್ತಿತು.

ಫೆಬ್ರವರಿ 14, ಶುಕ್ರವಾರ

ಪ್ಲಾಸ್ಟರ್ ತೆಗೆದರು. ಬಾಬು ಮತ್ತು ಸುಖೇಶ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ, ಮತ್ತೆ ಹಾಗೇ ಹತ್ತಿಸಿದರು. ಕಾಲು ನನ್ನದಲ್ಲ ಎನ್ನುವ ಹಾಗೆ ತೆಳ್ಳಗಾಗಿದೆ. ನಾಲ್ಕೈದು ದಿನ ಮನೆಯೊಳಗೆ ಕೋಲು ಹಿಡಿದು ನಡೆಯಿರಿ, ಆಮೇಲೆ ಕಂಬಿ ಹಿಡಿದು ಮೆಟ್ಟಿಲು ಹತ್ತಿಳಿಯಬಹುದು ಎಂದರು ಡಾಕ್ಟರು. ಗುರುವಾರ ರಿಕ್ಷಾ ತರುತ್ತೇನೆ, ಹೋಟೆಲಿಗೆ ಹೋಗುವ ಎಂದ ಬಾಬು. ಏಳು ವಾರ ಕಾದದ್ದು ಇದಕ್ಕೇ.

ಅವಳಿಗೆ ಪ್ಲಾಸ್ಟರ್ ತೆಗೆದದ್ದು ಗೊತ್ತೇ ಎಂದು ಚನ್ನಬಸವ್ವನನ್ನು ಕೇಳಿದೆ. ಗೊತ್ತಂತೆ. ಇಳಿದು ಬರಲಿಲ್ಲ. ಇನ್ನು ಬರುವುದೇ ಇಲ್ಲವೋ ಏನೋ ಎಂದು ಇವತ್ತು ಮೊದಲ ಸಲ ಅನ್ನಿಸಿತು.

ಫೆಬ್ರವರಿ 19, ಬುಧವಾರ

ಶಿವಾಜಿ ಜಯಂತಿ. ರಸ್ತೆಯಲ್ಲಿ ಢೋಲು ಬಾರಿಸುತ್ತಿದ್ದರು. ಆ ಗದ್ದಲದಲ್ಲಿ ನನ್ನ ಕೋಲಿನ ಸದ್ದು ಯಾರಿಗೂ ಕೇಳುವುದಿಲ್ಲ ಎಂದು ಹೊರಟೆ. ಇಪ್ಪತ್ತು ಮೆಟ್ಟಿಲು. ಹತ್ತನೆಯದರಲ್ಲಿ ಕುಳಿತು ಸುಧಾರಿಸಿಕೊಂಡೆ.

ಬಾಗಿಲು ಅರ್ಧ ಹಾಕಿತ್ತು. ತಟ್ಟಿದೆ. ಅವಳ ಮನೆಯ ಬಾಗಿಲು ತಟ್ಟಿದ್ದು ಇದೇ ಮೊದಲು.

"ಬನ್ನಿ" ಎಂದಳು. ಎದ್ದಿರಲಿಲ್ಲ. ಕಿಟಕಿಯಿಂದ ಸ್ವಲ್ಪ ದೂರ, ಓರೆಯಾಗಿ ಕುರ್ಚಿ ಹಾಕಿಕೊಂಡು ಕಾಲು ಮಡಚಿ ಕೂತಿದ್ದಳು. ಗೋಡೆಗೆ ಸುತ್ತಿಟ್ಟ ಚಾಪೆ, ಒಲೆ, ನಾಲ್ಕು ಪಾತ್ರೆ, ತುಳಸಿ, ಕರಿಬೇವು. ಉಳಿದದ್ದೆಲ್ಲ ಬರಿ ನೆಲ. ಇಷ್ಟು ದೊಡ್ಡದಾಗಿ ಕಾಣುವ ಮನೆಯನ್ನು ನಾನು ಪುಣೆಯಲ್ಲಿ ನೋಡಿಲ್ಲ, ನಮ್ಮದೇ ಅಳತೆಯ ಮನೆ ಅದು.

ಮುಖ ತುಂಬಿಕೊಂಡಿದೆ. ಕೆಮ್ಮು ವಾಸಿಯಾಗಿದೆ.

"ಕಾಲು ನೋಯ್ತದಾ?"

"ನೋಯ್ತದೆ."

ಅವಳು ಕುರ್ಚಿಯ ಕೈ ಹಿಡಿದು ಏಳಲಿಕ್ಕೆ ಹೋದಳು.

"ನೀನು ಏಳಬೇಡ" ಎಂದೆ. ನಿಂತೇ ಇದ್ದೆ, ಕೋಲು ಹಿಡಿದು. ಇಷ್ಟು ವರ್ಷ ಅವಳು ನಿಂತದ್ದಕ್ಕೆ ಇದು ಯಾವ ಲೆಕ್ಕ. ಢೋಲು ಸಾಗಿ ಹೋಯಿತು.

"ಪಂಕಜ, ಕೆಳಗೆ ಬಾ ಅಂತ ಹೇಳ್ಲಿಕ್ಕೆ ಬಂದದ್ದಲ್ಲ."

"ಮತ್ತೆ?"

"ನಾಳೆ ನಾನೊಂದು ಕುರ್ಚಿ ತರಲಾ?"

ಅವಳು ಕೋಣೆಯನ್ನೆಲ್ಲ ನಿಧಾನಕ್ಕೆ ನೋಡಿದಳು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ. "ಎಲ್ಲಿ ಇಡ್ಲಿಕ್ಕೆ?"

"ನೀನು ಹೇಳಿದಲ್ಲಿ."

ನನಗೆ ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ.

"ಹೇಳಿ ಕಳಿಸ್ತೇನೆ" ಎಂದಳು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಏಳಕ್ಕೇ ಬಾಬು ರಿಕ್ಷಾ ತಂದು ಕೆಳಗೆ ಹಾರ್ನ್ ಬಾರಿಸಿದ. ಸ್ನಾನ ಮಾಡಿ ಬಿಳಿ ಅಂಗಿ ಹಾಕಿ ತಯಾರಾಗಿದ್ದೆ. ಇನ್ನೊಂದು ದಿನ ಬಾ ಎಂದು ಕಿಟಕಿಯಿಂದಲೇ ಹೇಳಿ ಕಳಿಸಿದೆ. "ಯಾವ ದಿನ ಅಣ್ಣಾ?" ಎಂದು ಕೂಗಿದ. ಗೊತ್ತಿಲ್ಲ ಮಾರಾಯ ಎಂದೆ.

ಒಂಬತ್ತಕ್ಕೆ ಡಬ್ಬಿ ಬಂತು. ಒಂದಕ್ಕೆ ಡಬ್ಬಿ ಬಂತು. ಇನ್ನೂ ಹೇಳಿ ಕಳಿಸಿಲ್ಲ.

ಕುರ್ಚಿಯನ್ನು ಒರೆಸಿ ಹೊರಬಾಗಿಲ ಹತ್ತಿರ ಇಟ್ಟುಕೊಂಡಿದ್ದೇನೆ. ಅವಳು ಕರೆದಾಗ ನಾನು ಮನೆಯಲ್ಲಿ ಇಲ್ಲದಿದ್ದರೆ ಹೇಗೆ?